ಅಪ್‌ಡೇಟ್: 6.4 ಮಿಲಿಮೀಟರ್ ಒಳಪದರದ ವಿಷಯ ಕೊನೆಗೆ ಏನಾಯಿತು

ಐವಿಎಫ್‌ನಲ್ಲಿ ಶೈತ್ಯೀಕರಿಸಿಟ್ಟ ಭ್ರೂಣದ ವರ್ಗಾವಣೆಗೆ ಮುನ್ನ ಅಲ್ಟ್ರಾಸೌಂಡ್‌ನಲ್ಲಿ ನನ್ನ ಗರ್ಭಕೋಶದ ಒಳಪದರ 6.4 ಮಿಲಿಮೀಟರ್ ಮಾತ್ರ ಇದೆಯೆಂದು (ಸಾಮಾನ್ಯವಾಗಿ 7 ಆದರೂ ಇರಲೆಂದು ನೋಡುತ್ತಾರೆ) ತಿಳಿದಾಗ, ಈ ಬಾರಿಯ ಪ್ರಯತ್ನವನ್ನು ಕೈಬಿಡಬೇಕೇ ಎಂದು ನಿಮ್ಮನ್ನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಒಳಪದರವನ್ನು ಬೆಳೆಸುವ ಈಸ್ಟ್ರೊಜೆನ್ ಹಾರ್ಮೋನಿನ ಮಾತ್ರೆಯನ್ನು ಇನ್ನಷ್ಟು ದಿನ ಮುಂದುವರಿಸಿ, ಮೊದಲು ಅಳೆದವರಿಂದಲೇ ಮತ್ತೆ ಅಳತೆ ಮಾಡಿಸಿ ಎಂಬ ಸಲಹೆಯೇ ಫಲಿಸಿತು. ವೈದ್ಯರ ಒಪ್ಪಿಗೆ ಪಡೆದು 6 ದಿನ ಕಾದ ಮೇಲೆ ಪದರ 7.3 ಮಿಲಿಮೀಟರ್ ಆಗಿತ್ತು, ಪದರ ಚೆನ್ನಾಗಿ ಬೆಳೆಯುತ್ತಿರುವುದರ ಗುರುತೆನ್ನುವ ಮೂರು ಗೆರೆಗಳ ವಿನ್ಯಾಸವೂ ಸ್ಪಷ್ಟವಾಗಿ ಕಾಣುತ್ತಿತ್ತು. ಆಸ್ಪಿರಿನ್ ತೆಗೆದುಕೊಳ್ಳುವ ಸಲಹೆಯನ್ನು, ಅದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ವೈದ್ಯರು ಒಪ್ಪಲಿಲ್ಲ.

ನನಗೆ ಅಚ್ಚರಿ ತಂದದ್ದು ಅಳತೆಯ ಸೂಕ್ಷ್ಮತೆ. ಗರ್ಭಕೋಶವನ್ನು ಉದ್ದುದ್ದವಾಗಿ ನೋಡಿ, ಪದರ ಅತ್ಯಂತ ದಪ್ಪವಿರುವಲ್ಲಿ ಎರಡೂ ಬದಿಯ ಪದರಗಳನ್ನು ಸೇರಿಸಿ ಅಳೆಯಬೇಕು. ನಡುವೆ ದ್ರವವಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಸ್ಕ್ಯಾನ್ ಮಾಡುವ ಸಾಧನ (ಪ್ರೋಬ್) ಸ್ವಲ್ಪ ವಾಲಿದರೂ ಅಂಕಿ ಬದಲಾಗುತ್ತದೆ, ಆದ್ದರಿಂದ ಅರ್ಧ ಮಿಲಿಮೀಟರಿನ ವ್ಯತ್ಯಾಸಕ್ಕೆ ನಾನು ನಿದ್ದೆಗೆಟ್ಟದ್ದು ಅನಗತ್ಯವಾಗಿತ್ತು. 7 ಮಿಲಿಮೀಟರ್ ಎಂಬುದು ದಾಟಲಾಗದ ಗೋಡೆಯಲ್ಲ: ಅದಕ್ಕಿಂತ ತೆಳುವಾದಾಗ ಸರಾಸರಿ ಸಾಧ್ಯತೆ ಕುಗ್ಗುತ್ತದೆಯಾದರೂ ಗರ್ಭ ನಿಂತ ಉದಾಹರಣೆಗಳಿವೆ, ಪದರ ಸಾಕಷ್ಟು ದಪ್ಪವಿದ್ದ ಮಾತ್ರಕ್ಕೆ ಯಶಸ್ಸು ಖಚಿತವೂ ಅಲ್ಲ. ಭ್ರೂಣದ ಗುಣಮಟ್ಟ ಮತ್ತು ಅಂಡಾಣು ಪಡೆದಾಗಿನ ವಯಸ್ಸು ಹೆಚ್ಚು ತೂಗುತ್ತವೆ ಎಂದು ವೈದ್ಯರು ತಾಳ್ಮೆಯಿಂದ ವಿವರಿಸಿದರು.

ಭ್ರೂಣ ಅಂಟಿಕೊಳ್ಳಲು ಪದರವನ್ನು ಸಜ್ಜುಗೊಳಿಸುವ ಪ್ರೊಜೆಸ್ಟರಾನ್ ಹಾರ್ಮೋನ್ ಆರಂಭಿಸಿದ ನಂತರ ಬ್ಲಾಸ್ಟೊಸಿಸ್ಟ್ ಹಂತದ (ಐದಾರು ದಿನ ಬೆಳೆದ) ಒಂದು ಭ್ರೂಣವನ್ನು ವರ್ಗಾಯಿಸಿದರು. ನಿನ್ನೆಯ ರಕ್ತಪರೀಕ್ಷೆ ಪಾಸಿಟಿವ್ ಬಂದಿದೆ. ಹೃದಯಬಡಿತ ನೋಡುವ ಸ್ಕ್ಯಾನ್ ಇನ್ನೂ ಬಾಕಿಯಿದೆ.