ಚಿಕಾಗೋ ಅಪಾರ್ಟ್‌ಮೆಂಟಲ್ಲಿ ಸಾಕೋಕೆ ಯಾವ ಆಮೆ ಸರಿಹೋಗುತ್ತೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾವಿರೋದು ಚಿಕಾಗೋ ಹತ್ರ, ಮೂರನೇ ಮಹಡಿ, ಚಿಕ್ಕ ಬಾಲ್ಕನಿ ಬಿಟ್ರೆ ಹೊರಗಡೆ ಜಾಗ ಅಂತ ಇಲ್ಲ, ಚಳಿಗಾಲ ಬಂತಂದ್ರೆ ಆ ಬಾಗಿಲೂ ತೆಗೆಯೋ ಹಾಗಿಲ್ಲ. ಮಗಳಿಗೆ 8 ವರ್ಷ, ಆಮೆ ಬೇಕೇಬೇಕು ಅಂತ ಹಠ. ನಮ್ಮನೆಯವರಿಗೆ ನಾಯಿ ಬೆಕ್ಕಿನ ಕೂದಲು ಅಲರ್ಜಿ, ಹಂಗಾಗಿ ನನಗೂ ಇದೇ ವಾಸಿ ಅನ್ಸಿದೆ. ಮೊನ್ನೆ ಒಂದು ಕಡೆ ಸಲ್ಕಾಟಾ ಮರಿ ನೋಡಿದ್ವಿ, ಒಳ್ಳೆ ನಿಂಬೆಹಣ್ಣಿನ ಸೈಜು, ಗಾಜಿನ ತೊಟ್ಟಿ, ಒಂದು ಬಲ್ಬು, ಲೆಟ್ಯೂಸ್ ಇದ್ರೆ ಸಾಕು ಅಂದ ಮಾರೋನು. ಅತ್ತೆ ಫೋನಲ್ಲಿ ನಕ್ಷತ್ರ ಆಮೆ ತಗೊಳ್ಳಿ ಮನೆಗೆ ಒಳ್ಳೇದು ಅಂತಾರೆ. ನೀರಲ್ಲಿರೋ ಜಾತಿ ಬೇಡ, ನೆಲದ ಮೇಲಿರೋದೇ ಬೇಕು. ಸಾಕಿದೋರು ಯಾರಾದ್ರೂ ಹೇಳಿ.

ಕಳ್ಳಿಬೇಲಿ
ಅಕ್ಕ, ಸಲ್ಕಾಟಾ ಮಾತ್ರ ದಯವಿಟ್ಟು ಬೇಡ. ಅದು ಆಫ್ರಿಕಾದಲ್ಲಿ ಸಹಾರಾ ಮರುಭೂಮಿ ಅಂಚಿನ ಸಹೇಲ್ ಕಡೇದು, ಗಲಾಪಗೋಸ್, ಅಲ್ಡಾಬ್ರಾ ಆಮೆ ಬಿಟ್ರೆ ಪ್ರಪಂಚದಲ್ಲಿ ಅದೇ ದೊಡ್ಡದು, ಬೆಳೆದ ಗಂಡು 100 ಪೌಂಡ್ ದಾಟಬಹುದು. ಇಲ್ಲಿ ರೆಸ್ಕ್ಯೂಗಳಿಗೆ, ಅಂದ್ರೆ ಬೇಡವಾದ ಪ್ರಾಣಿಗಳನ್ನ ನೋಡ್ಕೊಳ್ಳೋ ಕಡೆಗೆ, ಬಂದು ಬೀಳೋದೆಲ್ಲ ಹೀಗೇ ಮರಿ ಚೆನ್ನಾಗಿದೆ ಅಂತ ತಗೊಂಡೋರು ಆಮೇಲೆ ಕೈಬಿಟ್ಟಿದ್ದು. ಇನ್ನೊಂದು, 4 ಇಂಚಿಗಿಂತ ಚಿಕ್ಕ ಮರಿ ಪೆಟ್ ಅಂತ ಮಾರೋದಕ್ಕೇ ಅಮೆರಿಕದಲ್ಲಿ 1975ರಿಂದ ನಿಷೇಧ ಇದೆ, ಮಕ್ಕಳಿಗೆ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಸೋಂಕು ಬರ್ತಿತ್ತು ಅಂತ. ಅದನ್ನ ಗೊತ್ತಿದ್ದೂ ಮಾರೋನ ಹತ್ರ ಸಲಹೆ ಕೇಳೋದೇ ಬೇಡ.

ಆಮೆ ನೋಡುವಾಗ ಮರಿ ನೋಡ್ಬೇಡಿ, ಬೆಳೆದಾಗ ಎಷ್ಟಾಗುತ್ತೆ ಅಂತ ನೋಡಿ. ನಿಮ್ಮನೆಗೆ ರಷ್ಯನ್ ಟಾರ್ಟಾಯ್ಸ್ ಇಲ್ಲಾಂದ್ರೆ ಹರ್ಮನ್ಸ್, ಎರಡೂ ಚಿಕ್ಕ ನೆಲದ ಆಮೆ. ರಷ್ಯನ್ ಗಂಡು 5-6 ಇಂಚು, ಹೆಣ್ಣು 8ರ ಹತ್ರ ಬರುತ್ತೆ, ಗಟ್ಟಿ ಜೀವ, 40 ವರ್ಷ ಬದುಕುತ್ತೆ, ಅಂದ್ರೆ ಮಗಳು ಕಾಲೇಜಿಗೆ ಹೋದ್ಮೇಲೂ ನೀವೇ ನೋಡ್ಕೋಬೇಕು. ಮಗಳಿಗೆ ಇದನ್ನ ಹೇಳಿ, 1968ರಲ್ಲಿ ಸೋವಿಯತ್‌ನೋರು ಜೋಂಡ್ 5 ಅನ್ನೋ ಬಾಹ್ಯಾಕಾಶ ನೌಕೇಲಿ ಚಂದ್ರನ್ನ ಸುತ್ತಿಸಿ ಜೀವಂತ ವಾಪಸ್ ತಂದಿದ್ದು ಇದೇ ಜಾತಿಯ ಎರಡು ಆಮೆಗಳನ್ನ, ಮನುಷ್ಯರು ಹೋಗೋಕೆ ಮುಂಚೆ! ರೆಡ್ ಫೂಟ್ ಅನ್ನೋ ಇನ್ನೊಂದು ಜಾತಿ ನೋಡೋಕೆ ಚಂದ, ಆದ್ರೆ ಅದಕ್ಕೆ ಯಾವಾಗ್ಲೂ ತೇವದ ಗಾಳಿ ಬೇಕು, ನಿಮ್ಮ ಹೀಟರ್ ಹಾಕಿದ ಮನೇಲಿ ಕಷ್ಟ.

ದಾಸವಾಳ_ಗಿಡ
ನಮ್ಮನೇಲಿ ರಷ್ಯನ್ನೇ ಇರೋದು. ಜಾತಿ ಆರಿಸೋದು ಅರ್ಧ ಕೆಲಸ ಅಷ್ಟೇ, ಮನೆಯೊಳಗೆ ಸಾಕೋದಂದ್ರೆ ಬೆಳಕೇ ಮುಖ್ಯ. ಕಿಟಕಿ ಗಾಜಿಂದ ಬರೋ ಬಿಸಿಲಲ್ಲಿ ಯುವಿಬಿ ಅನ್ನೋ ಅತಿನೇರಳೆ ಕಿರಣ ಇರಲ್ಲ, ಗಾಜು ತಡೆದುಬಿಡುತ್ತೆ, ಯುವಿಬಿ ಇಲ್ದೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ಮೂಳೆ ಚಿಪ್ಪು ಎಲ್ಲ ಮೆತ್ತಗಾಗುತ್ತೆ. ಯುವಿಬಿ ಕೊಡೋ ಉದ್ದ ಟಿ5 ಟ್ಯೂಬ್‌ಲೈಟ್ ಹಾಕಿ, ಉರೀತಾ ಇದ್ರೂ ಯುವಿಬಿ ಕಮ್ಮಿ ಆಗ್ತಾ ಬರುತ್ತೆ, ವರ್ಷಕ್ಕೊಂದ್ಸಲ ಬದಲಾಯಿಸಿ. ಒಂದು ಮೂಲೆ 95 ಫ್ಯಾರನ್‌ಹೀಟ್ ಬಿಸಿ, ಇನ್ನೊಂದು ಕಡೆ 70-75 ಇರ್ಲಿ. ಗಾಜಿನ ತೊಟ್ಟಿ ಬೇಡವೇ ಬೇಡ, ಆಚೆ ಕಾಣುತ್ತೆ ಅಂತ ಗಾಜಿಗೇ ಗುದ್ದುತ್ತಾ ಇರುತ್ತೆ. 8 ಅಡಿಗೆ 4 ಅಡಿ ಮರದ ಪೆಟ್ಟಿಗೆ ಮಾಡ್ಸಿ, ಅಷ್ಟು ಆಗ್ಲಿಲ್ಲಾಂದ್ರೆ ಆದಷ್ಟು ದೊಡ್ಡದು, ಮಣ್ಣು ತೆಂಗಿನ ನಾರಿನ ಪುಡಿ ಸೇರ್ಸಿ ದಪ್ಪಗೆ ಹಾಕಿ, ಅದಕ್ಕೆ ತೋಡೋ ಹುಚ್ಚು ಜಾಸ್ತಿ.

ಊಟಕ್ಕೆ ಡ್ಯಾಂಡೆಲಿಯನ್ ಸೊಪ್ಪು, ಎಂಡೈವ್, ದಾಸವಾಳದ ಎಲೆ ಹೂವು. ನಮ್ಮೂರ ಬೇಲೀಲಿರೋ ಪಾಪಾಸುಕಳ್ಳಿ ಮೆಕ್ಸಿಕನ್ ಅಂಗಡೀಲಿ ಸಿಗುತ್ತೆ, ಮುಳ್ಳು ತೆಗೆದು ಕೊಡಿ. ಪಾಲಕ್ ದಿನಾ ಬೇಡ, ಹಣ್ಣೂ ಬೇಡ. ವಾರಕ್ಕೆರಡು ಸಲ ಉಗುರುಬೆಚ್ಚಗಿನ ನೀರಲ್ಲಿ ಗದ್ದದ ಮಟ್ಟಕ್ಕೆ ಬಿಡಿ, ಕುತ್ತಿಗೆ ಚಾಚಿ ಕುಡಿಯುತ್ತೆ, ಉಚ್ಚೆ ಜೊತೆ ಬಿಳೀದು ಬರುತ್ತೆ, ಅದು ಮೆತ್ತಗಿದ್ರೆ ಸರಿ, ಮುಟ್ಟಿದ್ರೆ ಮರಳು ಮರಳಾಗಿದ್ರೆ ನೀರು ಸಾಲ್ತಿಲ್ಲ ಅಂತ. ಆ ಪಾತ್ರೆ ಅಡುಗೆಮನೆ ಸಿಂಕಲ್ಲಿ ತೊಳೀಬೇಡಿ, ಮಗಳು ಮುಟ್ಟಿದಾಗೆಲ್ಲ ಸೋಪಲ್ಲಿ ಕೈ ತೊಳೀಲಿ. ಮತ್ತೆ ಜೋಡಿ ತರ್ಬೇಡಿ, ಕಚ್ಚಾಡ್ತವೆ, ಒಂಟಿಯಾಗೇ ಆರಾಮಾಗಿರುತ್ತೆ.

ಬನಶಂಕರಿ_ಬಸ್
ಬೆಂಗಳೂರಿಂದ ಒಂದು ಮಾತು, ನಿಮ್ಮತ್ತೆಯವರಿಗೆ ಹೇಳಿ. ನಕ್ಷತ್ರ ಆಮೆ ಇಲ್ಲಿ ಸಾಕೋದು ಅಪರಾಧ, 2022ರ ತಿದ್ದುಪಡಿ ಆದ್ಮೇಲೆ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿದೆ, 2019ರಿಂದ ಸೈಟಿಸ್, ಅಂದ್ರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ, ಮೊದಲನೇ ಪಟ್ಟೀಲೂ ಇದೆ. ಅದೃಷ್ಟ ಅಂತ ಜನ ತಗೊಳ್ತಾರೆ ಅಂತಾನೇ ಕಾಡಿಂದ ಹಿಡಿದು, ಟೇಪ್ ಸುತ್ತಿ ಸೂಟ್‌ಕೇಸಲ್ಲಿ ತುಂಬಿ ಸಾಗಿಸ್ತಾರೆ, ಎಷ್ಟೋ ದಾರೀಲೇ ಸಾಯ್ತವೆ. ಅಲ್ಲಿ ಯಾರಾದ್ರೂ ಕೊಡ್ತೀನಿ ಅಂದ್ರೂ ಎಲ್ಲಿಂದ ಬಂತು ಅಂತ ಕಾಗದ ಕೇಳದೆ ಮುಟ್ಟಬೇಡಿ.

ತುಂಗಾತೀರ
ತುಂಬಾ ಥ್ಯಾಂಕ್ಸ್, ಸಲ್ಕಾಟಾ ಕೈಬಿಟ್ವಿ. ರಷ್ಯನ್ ಎಲ್ಲಿ ತಗೊಳ್ಳೋದು? ಊರಿಗೆ ಬಂದಾಗ ತಿಂಗಳುಗಟ್ಲೆ ಏನ್ಮಾಡೋದು?

ಕಳ್ಳಿಬೇಲಿ
ಮೊದಲು ರೆಸ್ಕ್ಯೂ ಕೇಳಿ ಅಕ್ಕ, ಬೆಳೆದ ರಷ್ಯನ್ ಸಿಗುತ್ತೆ, ಸೈಜೂ ಮುಂಚೇನೇ ಗೊತ್ತಿರುತ್ತೆ. ಅಂಗಡೀದು ಎಷ್ಟೋ ಮಧ್ಯ ಏಷ್ಯಾದ ಕಾಡಿಂದ ಹಿಡಿದು ತಂದಿದ್ದು, ಹೊಟ್ಟೆತುಂಬ ಹುಳ ಇರುತ್ತೆ, ಹಂಗಾಗಿ ಎಲ್ಲಿಂದ ತಂದ್ರೂ ಎಕ್ಸಾಟಿಕ್ ವೆಟ್, ಅಂದ್ರೆ ಆಮೆಯಂಥ ಪ್ರಾಣಿ ನೋಡೋ ಡಾಕ್ಟರ್ ಹತ್ರ ಲದ್ದಿ ಟೆಸ್ಟ್ ಮಾಡ್ಸಿ. ಊರಿಗೆ ಹೋಗುವಾಗ ಲೈಟಿಗೆ ಟೈಮರ್ ಹಾಕಿ, ಸೊಪ್ಪು ನೀರು ಇಡೋಕೆ ಪಕ್ಕದ ಮನೆಯೋರು ದಿನಾ ಬರ್ಲೇಬೇಕು, ಅಂಥೋರು ಒಬ್ರು ಸಿಕ್ಕಿದ್ಮೇಲೆ ಆಮೆ ತನ್ನಿ.