ಮಗನ ಜೊತೆ ‘ದ ಫ್ರೆಶ್ ಪ್ರಿನ್ಸ್ ಆಫ್ ಬೆಲ್-ಏರ್’ ನೋಡಬೇಕು, ಯಾವ ಎಪಿಸೋಡ್‌ಗಳನ್ನು ಆರಿಸಲಿ?

ಪ್ರಶ್ನೆ: ನಾವು ನಾರ್ತ್ ಕೆರೊಲಿನಾದಲ್ಲಿ ಇದ್ದೇವೆ. ಮಗನಿಗೆ 13 ವರ್ಷ, ಇಲ್ಲೇ ಹುಟ್ಟಿದವನು. ವಿಲ್ ಸ್ಮಿತ್‌ನ ಈ ಹಳೇ ಸೀರಿಯಲ್ ನೋಡೋಣ ಅಂತ ದಿನಾ ಕೇಳುತ್ತಾನೆ. 6 ಸೀಸನ್, 148 ಎಪಿಸೋಡ್ ಇವೆಯಂತೆ. ಅಷ್ಟೂ ನೋಡಲು ನಮಗೆ ಪುರುಸೊತ್ತಿಲ್ಲ. ಈ ವಯಸ್ಸಿಗೆ ಸರಿಹೋಗುತ್ತಾ? ಮಕ್ಕಳ ಜೊತೆ ಕೂತು ನೋಡಿದವರು ದಯವಿಟ್ಟು ಹೇಳಿ.

ಡಲ್ಲಾಸ್‌ನಿಂದ, ಇಬ್ಬರು ಮಕ್ಕಳ ತಾಯಿ:
ಖಂಡಿತ ತೋರಿಸಿ. ಮೊದಲನೇ ಎಪಿಸೋಡ್ ಮಾತ್ರ ಬಿಡಬೇಡಿ. ವೆಸ್ಟ್ ಫಿಲಡೆಲ್ಫಿಯಾದ ಕಪ್ಪು ಹುಡುಗ ವಿಲ್‌ನನ್ನು ಅವನ ತಾಯಿ ಲಾಸ್ ಏಂಜಲೀಸ್‌ನ ಶ್ರೀಮಂತರ ಬಡಾವಣೆ ಬೆಲ್-ಏರ್‌ಗೆ, ತಂಗಿಯ ಮನೆಗೆ ಕಳಿಸುತ್ತಾಳೆ. ದೊಡ್ಡ ಬಂಗಲೆ, ಮನೆಯಲ್ಲಿ ಜೆಫ್ರಿ ಅನ್ನೋ ಬಟ್ಲರ್. ಚಿಕ್ಕಪ್ಪ ಫಿಲಿಪ್ ಬ್ಯಾಂಕ್ಸ್ ದೊಡ್ಡ ವಕೀಲ, ಆಮೇಲೆ ಜಡ್ಜ್ ಆಗುತ್ತಾನೆ. ನೀವು ಎಲ್ಲಿಂದ ಬಂದಿರಿ ಅನ್ನೋದನ್ನೇ ಮರೆತಿದ್ದೀರಿ ಅಂತ ವಿಲ್ ಅವನ ಮೇಲೆ ರೇಗುತ್ತಾನೆ. ಆಗ ಫಿಲಿಪ್, ತಾನು ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ನಾಯಕ ಮಾಲ್ಕಂ ಎಕ್ಸ್ ಭಾಷಣವನ್ನು ಎದುರಿಗೇ ಕೂತು ಕೇಳಿದವನು ಅನ್ನುತ್ತಾನೆ. ವಿಲ್‌ನ ಕೋಣೆಯಲ್ಲಿ ಇರೋದು ಅದೇ ಮಾಲ್ಕಂ ಎಕ್ಸ್ ಪೋಸ್ಟರ್. ಇಡೀ ಸೀರಿಯಲ್‌ನ ತಿರುಳು ಆ ಒಂದು ಜಗಳದಲ್ಲಿದೆ.

ಅದಾದ ಮೇಲೆ ನೇರವಾಗಿ ಮೊದಲ ಸೀಸನ್‌ನ ‘ಮಿಸ್ಟೇಕನ್ ಐಡೆಂಟಿಟಿ’ಗೆ ಹೋಗಿ. ಫಿಲಿಪ್‌ನ ಆಫೀಸಿನ ಪಾರ್ಟ್‌ನರ್‌ನ ಮರ್ಸಿಡಿಸ್ ಕಾರನ್ನು ವಿಲ್ ಮತ್ತು ಫಿಲಿಪ್‌ನ ಮಗ ಕಾರ್ಲ್‌ಟನ್ ಪಾಮ್ ಸ್ಪ್ರಿಂಗ್ಸ್‌ಗೆ ಓಡಿಸಿಕೊಂಡು ಹೋಗುತ್ತಾರೆ. ದಾರಿ ಹುಡುಕುತ್ತಾ ನಿಧಾನವಾಗಿ ಹೋಗುವಾಗ ಪೊಲೀಸರು ತಡೆದು, ಕಳ್ಳರು ಅಂದುಕೊಂಡು ಲಾಕಪ್‌ಗೆ ಹಾಕುತ್ತಾರೆ. ಹೊರಗೆ ಬಂದ ಮೇಲೂ ಕಾರ್ಲ್‌ಟನ್ ಪೊಲೀಸರ ಪರವಾಗಿಯೇ ಮಾತಾಡುತ್ತಾನೆ. ಅಷ್ಟು ನಿಧಾನಕ್ಕೆ ಹೋಗೋ ಕಾರನ್ನು ನೀವಾದರೂ ತಡೆಯುತ್ತಿರಲಿಲ್ಲವೇ ಅಂತ ಅಪ್ಪನನ್ನು ಕೇಳುತ್ತಾನೆ. ನನ್ನನ್ನು ಮೊದಲ ಸಲ ತಡೆದಾಗ ನಾನೂ ಇದನ್ನೇ ಕೇಳಿಕೊಂಡಿದ್ದೆ ಅಂತ ಅಪ್ಪ ಹೇಳಿ ಎದ್ದು ಹೋಗುತ್ತಾನೆ. ಬೆಲ್-ಏರ್‌ನ ಮನೆ, ಪ್ರಿನ್ಸ್‌ಟನ್ ಮತ್ತು ಹಾರ್ವರ್ಡ್ ಓದು, ಯಾವುದೂ ಆ ರಾತ್ರಿ ಅವನ ಮಗನನ್ನು ಕಾಯಲಿಲ್ಲ. ಇದು 1990ರ ಎಪಿಸೋಡ್. ನನ್ನ ದೊಡ್ಡವನು ಅವತ್ತು ಊಟದ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗಳು ಇನ್ನೂ ನೆನಪಿವೆ. ಒಂದು ಮಾತು: ಎಪಿಸೋಡ್ ಮುಗಿದ ತಕ್ಷಣ ಪಾಠ ಶುರು ಮಾಡಬೇಡಿ. ಅವರೇ ಬಾಯಿ ಬಿಡಲಿ.

ಸ್ಯಾನ್ ಹೋಸೆಯಿಂದ, ಕಾಲೇಜು ಓದುವ ಮಗಳಿರುವ ಅಪ್ಪ:
ಮೇಡಂ ಹೇಳಿದ್ದು ಸರಿ. ನನ್ನ ಆಯ್ಕೆ ಮಾತ್ರ ನಾಲ್ಕನೇ ಸೀಸನ್‌ನ ‘ಬ್ಲಡ್ ಈಸ್ ಥಿಕರ್ ದ್ಯಾನ್ ಮಡ್’. ವಿಲ್, ಕಾರ್ಲ್‌ಟನ್ ಇಬ್ಬರೂ ಕಾಲೇಜಿನಲ್ಲಿ ಕಪ್ಪು ಹುಡುಗರ ಒಂದು ಸಂಘಕ್ಕೆ ಸೇರಲು ಹೊರಡುತ್ತಾರೆ. ಹೇಳಿದ ಚಾಕರಿಯನ್ನೆಲ್ಲ ಕಾರ್ಲ್‌ಟನ್ ಮಾಡುತ್ತಾನೆ. ಆದರೂ ಅವನನ್ನು ಸೇರಿಸಿಕೊಳ್ಳೋದಿಲ್ಲ. ಶ್ರೀಮಂತರ ಮನೆಯ ಹುಡುಗ, ಅವನ ಬಟ್ಟೆ, ಅವನ ಮಾತು, ಇವನು ನಮ್ಮವನೇ ಅಲ್ಲ ಅಂತ. ವಿಲ್‌ಗೆ ಸೀಟು ಸಿಕ್ಕಿದ್ದರೂ ಅವನು ಬೇಡ ಅನ್ನುತ್ತಾನೆ. ನಾವು ನಮ್ಮವರಿಗೇ ಹೀಗೆ ಮಾಡೋದು ಯಾವಾಗ ನಿಲ್ಲುತ್ತೆ ಅಂತ ಫಿಲಿಪ್ ಕೊನೆಯಲ್ಲಿ ಕೇಳುತ್ತಾನೆ.

ಇದನ್ನು ನೋಡಿ ನನ್ನ ಮಗಳು ತನ್ನ ಸಂಕಟ ಹೇಳಿಕೊಂಡಳು. ಸ್ಕೂಲಿನಲ್ಲಿ ಅವಳು ಇಂಡಿಯನ್, ಊರಿಗೆ ಹೋದರೆ ಅಮೆರಿಕದವಳು. ಕನ್ನಡ ಸರಿಯಾಗಿ ಬರಲ್ಲ ಅಂತ ನೆಂಟರು ನಗುತ್ತಾರೆ. ಕಪ್ಪು ಜನರ ಚರಿತ್ರೆಯೇ ಬೇರೆ, ಅವರು ಪಟ್ಟ ಪಾಡು ನಮ್ಮದಲ್ಲ. ಅದನ್ನೂ ಮಕ್ಕಳಿಗೆ ಹೇಳಬೇಕು. ಆದರೆ ನಮ್ಮವನಲ್ಲ ಅನ್ನಿಸಿಕೊಳ್ಳೋ ನೋವು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಸಂಜೆ ಕಾರ್ಲ್‌ಟನ್‌ಗಾಗಿ ನಿಜವಾಗಿ ಅತ್ತಳು. ಅದುವರೆಗೆ ಅವನು ಸುಮ್ನೆ ಕುಣಿದು ನಗಿಸೋ ಹುಡುಗ ಆಗಿದ್ದ.

ಸಿಯಾಟಲ್‌ನಿಂದ:
ಸರಿಹೋಗುತ್ತಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರ. ಕೆಟ್ಟ ಬೈಗುಳ ಇಲ್ಲ. ಹುಡುಗಿಯರ ಹಿಂದೆ ಬೀಳೋ ಮಾತು ಜಾಸ್ತಿ, ಫಿಲಿಪ್‌ನ ಮೈ ದಪ್ಪದ ಬಗ್ಗೆ ಹಾಸ್ಯ ತೀರಾ ಜಾಸ್ತಿ. ನನಗೆ ಅದು ಇಷ್ಟವಾಗಲ್ಲ, ಮಕ್ಕಳಿಗೂ ಹೇಳಿದೆ. ‘ಬುಲೆಟ್ಸ್ ಓವರ್ ಬೆಲ್-ಏರ್’ನಲ್ಲಿ ವಿಲ್‌ಗೆ ಗುಂಡು ಬೀಳುತ್ತೆ, ಹೆದರಿ ಕಾರ್ಲ್‌ಟನ್ ಗನ್ ಇಟ್ಟುಕೊಳ್ಳುತ್ತಾನೆ. ಚಿಕ್ಕವರು ಜೊತೆಗಿದ್ದರೆ ಅದನ್ನು ಬಿಡಿ. ಇನ್ನೊಂದು, ಮೂರು ಸೀಸನ್ ಆದ ಮೇಲೆ ಚಿಕ್ಕಮ್ಮ ವಿವಿಯನ್ ಪಾತ್ರಕ್ಕೆ ಜ್ಯಾನೆಟ್ ಹ್ಯೂಬರ್ಟ್ ಬದಲು ಡ್ಯಾಫ್ನಿ ಮ್ಯಾಕ್ಸ್‌ವೆಲ್ ರೀಡ್ ಬರುತ್ತಾರೆ. ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಗೊಂದಲ ಆಗುತ್ತೆ.

ಮೈಸೂರಿನಿಂದ, ಮೊಮ್ಮಕ್ಕಳ ಜೊತೆ ನೋಡಿದ ಅಜ್ಜ:
ಮಗನ ಮನೆಗೆ ಹೋಗಿದ್ದಾಗ ಮೊಮ್ಮಗಳು ತೋರಿಸಿದಳು. ಮಾತು ತುಂಬ ವೇಗ, ಸಬ್‌ಟೈಟಲ್ ಹಾಕಿಕೊಂಡೆವು. ನನಗೆ ಹಿಡಿಸಿದ್ದು ಫಿಲಿಪ್‌ನ ಅಪ್ಪ ಅಮ್ಮ ಬರುವ ‘ನಾಟ್ ವಿತ್ ಮೈ ಪಿಗ್, ಯು ಡೋಂಟ್’. ಇವನು ಬೆಳೆದದ್ದು ನಿಮ್ಮ ನಾರ್ತ್ ಕೆರೊಲಿನಾದ ಹಳ್ಳಿಯಲ್ಲೇ, ಹೊಲ, ಹಂದಿ ಸಾಕಣೆ ಮಧ್ಯೆ. ದೊಡ್ಡ ಮನುಷ್ಯ ಆದಮೇಲೆ ಅದನ್ನು ಮುಚ್ಚಿಡುತ್ತಾನೆ. ತಾಯಿಗೆ ಅದು ಎಷ್ಟು ಚುಚ್ಚುತ್ತೆ! ಕೊನೆಗೆ ಜನರ ಮುಂದೆ ನಿಂತು ಅವರನ್ನು ಒಪ್ಪಿಕೊಳ್ಳುತ್ತಾನೆ. ಹೊಲ ಮಾರಿ ಓದಿಸಿದ ತಂದೆ ತಾಯಿಯರು ನಮ್ಮಲ್ಲೂ ಎಷ್ಟೋ ಜನ. ಫಿಲಿಪ್ ಪಾತ್ರ ಮಾಡಿದ ಜೇಮ್ಸ್ ಏವರಿ ಎಂಥ ನಟ! 2013ರ ಡಿಸೆಂಬರ್ 31ರಂದು ತೀರಿಕೊಂಡರು ಅಂತ ಆಮೇಲೆ ತಿಳಿದು ಮನಸ್ಸಿಗೆ ಕಷ್ಟವಾಯಿತು.

ಡಲ್ಲಾಸ್‌ನಿಂದ, ಮತ್ತೆ:
ಅಜ್ಜ ಜೇಮ್ಸ್ ಏವರಿ ಹೆಸರು ಎತ್ತಿದ ಮೇಲೆ ಇದನ್ನೂ ಸೇರಿಸಬೇಕು. ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಎಕ್ಸ್‌ಕ್ಯೂಸ್’, 1994. ಬಿಟ್ಟು ಹೋಗಿದ್ದ ವಿಲ್‌ನ ಅಪ್ಪ 14 ವರ್ಷ ಆದಮೇಲೆ ಬರುತ್ತಾನೆ, ಬೇಸಿಗೆಯಲ್ಲಿ ಜೊತೆಗೆ ಕರೆದೊಯ್ಯುತ್ತೇನೆ ಅಂತ ಮಾತು ಕೊಡುತ್ತಾನೆ, ಮತ್ತೆ ಹೊರಟುಹೋಗುತ್ತಾನೆ. ವಿಲ್ ಮೊದಲು ನನಗೇನೂ ಆಗಿಲ್ಲ ಅಂತ ಜಂಬ ಕೊಚ್ಚುತ್ತಾನೆ, ಆಮೇಲೆ ಒಡೆದುಹೋಗುತ್ತಾನೆ. ಫಿಲಿಪ್ ಏನೂ ಹೇಳದೆ ತಬ್ಬಿಕೊಳ್ಳುತ್ತಾನೆ. ಅಪ್ಪ ಜೊತೆಗಿಲ್ಲದ ಮಕ್ಕಳು ಮನೆಯಲ್ಲಿದ್ದರೆ ಮೊದಲು ನೀವೊಬ್ಬರೇ ನೋಡಿ, ಆಮೇಲೆ ತೀರ್ಮಾನಿಸಿ.

ಚಿಕಾಗೋದಿಂದ:
ಸಮಯ ಸಿಕ್ಕರೆ ‘ದ ಜೆಫರ್ಸನ್ಸ್’ ಕೂಡ ಒಂದೆರಡು ನೋಡಿ. 1975ರಿಂದ 1985ರವರೆಗೆ ಬಂದದ್ದು. ಡ್ರೈ ಕ್ಲೀನಿಂಗ್ ಅಂಗಡಿಗಳಿಂದ ದುಡ್ಡು ಮಾಡಿ ಕ್ವೀನ್ಸ್‌ನಿಂದ ಮ್ಯಾನ್‌ಹ್ಯಾಟನ್‌ಗೆ ಮನೆ ಬದಲಿಸುವ ಕಪ್ಪು ಕುಟುಂಬ. ಬ್ಯಾಂಕ್ಸ್ ಕುಟುಂಬದಂಥವರು ಟಿವಿಗೆ ಬರಲು ದಾರಿ ಮಾಡಿದ್ದು ಇಂಥವರೇ. ಫ್ರೆಶ್ ಪ್ರಿನ್ಸ್‌ನ ಕೊನೆಯ ಎಪಿಸೋಡಿನಲ್ಲಿ ಬೆಲ್-ಏರ್ ಮನೆ ಮಾರಾಟಕ್ಕೆ ಇರುತ್ತೆ. ಕೊಳ್ಳೋಕೆ ಬರುವವರು ಜಾರ್ಜ್ ಮತ್ತು ಲೂಯೀಸ್ ಜೆಫರ್ಸನ್, ಅದೇ ನಟರು. ಮೊದಲು ಅವರ ಪರಿಚಯ ಮಾಡಿಸಿದ್ದರೆ ನಿಮ್ಮ ಮಗನೇ ಅವರನ್ನು ಗುರುತು ಹಿಡಿಯುತ್ತಾನೆ.