ಡೀಸೆಲ್ ಪಂಪ್ ಅಡ್ವಾನ್ಸ್ ಮಾಡಿದರೆ ಕಪ್ಪು ಹೊಗೆ ಇಳಿಯುತ್ತೆ, ಬಡಿತ ಏರುತ್ತೆ: ಹಾಗೇ ಬಿಡಬಹುದೇ?

ಪ್ರಶ್ನೆ
1998ರ ಡೀಸೆಲ್ ಜೀಪು, ನಾಲ್ಕು ಸಿಲಿಂಡರ್, ಡಿಐ (ಡೀಸೆಲ್ ನೇರ ಸಿಲಿಂಡರಿಗೇ ಬೀಳುವ ಬಗೆ), ಇನ್‌ಲೈನ್ ಪಂಪ್ (ಪ್ರತಿ ಸಿಲಿಂಡರಿಗೂ ಒಂದೊಂದು ಪ್ಲಂಜರ್ ಸಾಲಾಗಿರುವ ಡೀಸೆಲ್ ಪಂಪ್). ಪಂಪ್ ಬಿಚ್ಚಿ ಕೂರಿಸಿದ ಮೇಲೆ ರೇಸ್ ಕೊಟ್ಟರೆ ಕಪ್ಪು ಹೊಗೆ. ಎಮಿಷನ್ ಟೆಸ್ಟ್‌ನಲ್ಲಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ) ದಾಟಿ ಫೇಲ್. ಪಂಪನ್ನು ಅಡ್ವಾನ್ಸ್ ಕಡೆ (ಡೀಸೆಲ್ ಬೇಗ ಬೀಳುವಂತೆ) ತಿರುಗಿಸಿದರೆ ಹೊಗೆ ಇಳಿಯುತ್ತೆ, ಐಡಲ್‌ನಲ್ಲಿ ಬಡಿತ ಶುರು. ಹೀಗೇ ಓಡಿಸಬಹುದೇ?

ಉತ್ತರ 1
ಬೇಡಿ ಸರ್. ಡೀಸೆಲ್ ಬಿದ್ದ ಕ್ಷಣವೇ ಹೊತ್ತಿಕೊಳ್ಳುವುದಿಲ್ಲ. ಅಡ್ವಾನ್ಸ್ ಜಾಸ್ತಿಯಾದರೆ ಗಾಳಿ ಸಾಕಷ್ಟು ಬಿಸಿಯಾಗುವ ಮೊದಲೇ ಡೀಸೆಲ್ ಬಿದ್ದು, ಕೂಡಿಕೊಂಡಿದ್ದೆಲ್ಲ ಒಮ್ಮೆಲೇ ಉರಿದು ಒತ್ತಡ ಥಟ್ಟನೆ ಏರುತ್ತೆ. ನಿಮಗೆ ಕೇಳುವ ಬಡಿತ ಅದೇ. ಉರಿಯಲು ಹೆಚ್ಚು ಸಮಯ ಸಿಗುವುದರಿಂದ ಮಸಿ ಕಡಿಮೆಯಾಗುತ್ತೆ, ನಿಜ. ಆದರೆ ತಾಪ ಏರಿದಷ್ಟೂ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತೆ. ಸ್ಮೋಕ್ ಮೀಟರ್ ಅಳೆಯುವುದು ಹೊಗೆಯಲ್ಲಿ ಬೆಳಕು ಎಷ್ಟು ತಡೆಯಿತು ಅಂತ ಮಾತ್ರ, ಈ ಅನಿಲ ಅದಕ್ಕೆ ಕಾಣುವುದೇ ಇಲ್ಲ. ಸರ್ಟಿಫಿಕೇಟ್ ಸಿಗುತ್ತೆ, ಗಾಳಿಯೂ ಕೆಡುತ್ತೆ, ಪಿಸ್ಟನ್ನು, ಹೆಡ್ ಗ್ಯಾಸ್ಕೆಟ್ಟೂ ಹೋಗುತ್ತೆ.

ರಿಟಾರ್ಡ್ ಆದರೆ, ಅಂದರೆ ಡೀಸೆಲ್ ತಡವಾಗಿ ಬಿದ್ದರೆ, ಪಿಸ್ಟನ್ ಕೆಳಗಿಳಿಯುವಾಗಲೂ ಉರಿ ಮುಂದುವರಿದು ಸೈಲೆನ್ಸರ್ ಕಾಯುತ್ತೆ, ಪಿಕಪ್ ಸಾಯುತ್ತೆ, ಕಪ್ಪು ಹೊಗೆ. ತೀರಾ ರಿಟಾರ್ಡ್ ಆದರೆ ತಣ್ಣಗಿನ ಇಂಜಿನ್‌ನಲ್ಲಿ ಕಣ್ಣು ಉರಿಸುವ ಬಿಳಿ ಹೊಗೆ.

ಉತ್ತರ 2
ಕಿವಿ ನಂಬಿ ತಿರುಗಿಸಬೇಡಿ, ಸ್ಪಿಲ್ ನೋಡಿ (ಪಂಪಿಂದ ಹರಿಯುವ ಡೀಸೆಲ್ ಯಾವಾಗ ನಿಲ್ಲುತ್ತೆ ಅಂತ). ಒಂದನೇ ಸಿಲಿಂಡರನ್ನು ಕಂಪ್ರೆಷನ್‌ಗೆ ತನ್ನಿ, ಅದರ ಎರಡೂ ರಾಕರ್ (ವಾಲ್ವ್ ಒತ್ತುವ ತೋಳು) ಸಡಿಲ ಇರಬೇಕು. ಪಂಪಿನ ಒಂದನೇ ಡೆಲಿವರಿ ವಾಲ್ವ್ (ಡೀಸೆಲ್ ಹೊರಹೋಗುವ ಕವಾಟ) ಮತ್ತು ಸ್ಪ್ರಿಂಗ್ ತೆಗೆದು ಹೋಲ್ಡರ್ ವಾಪಸ್ ಹಾಕಿ, ಬಾಗಿದ ಪೈಪ್ ಕೂರಿಸಿ. ಲಿವರ್ ಫುಲ್ ರೇಸ್‌ನಲ್ಲಿರಲಿ. ಡೀಸೆಲ್ ಹರಿಯುತ್ತಿರುವಾಗ ಕ್ರ್ಯಾಂಕನ್ನು ಓಡುವ ದಿಕ್ಕಿನಲ್ಲೇ ನಿಧಾನ ತಿರುಗಿಸಿ. ಧಾರೆ ಕಡಿದು ಹನಿಗೆ ಬಂದ ಜಾಗವೇ ಇಂಜೆಕ್ಷನ್ ಶುರು. ಆಗ ಫ್ಲೈವೀಲ್ ಮೇಲಿನ ಡಿಗ್ರಿ ಗುರುತು ಮ್ಯಾನ್ಯುಯಲ್‌ಗೆ ತಾಳೆಯಾಗಬೇಕು. ಗುರುತು ದಾಟಿದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ, ಇಲ್ಲದಿದ್ದರೆ ಗೇರ್ ಸಡಿಲು ಅಳತೆ ಕೆಡಿಸುತ್ತೆ. ಡೆಲಿವರಿ ವಾಲ್ವ್ ವಾಪಸ್ ಹಾಕುವಾಗ ಒಂದು ಕಣ ಧೂಳೂ ಸೇರಬಾರದು.

ಪ್ರಶ್ನೆ ಕೇಳಿದವರು
ಫ್ಲ್ಯಾಂಜ್‌ನಲ್ಲಿ (ಪಂಪನ್ನು ಬೋಲ್ಟ್ ಮಾಡುವ ಅಂಚಿನಲ್ಲಿ) 1 ಮಿ.ಮೀ. ಸರಿಸಿದರೆ ಎಷ್ಟು ಡಿಗ್ರಿ?

ಉತ್ತರ 2
ಪಂಪ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತೆ. ಶಾಫ್ಟ್ ಮಧ್ಯದಿಂದ 50 ಮಿ.ಮೀ. ದೂರದಲ್ಲಿ 1 ಮಿ.ಮೀ. ಅಂದರೆ ಪಂಪಿಗೆ 1.15 ಡಿಗ್ರಿ, ಕ್ರ್ಯಾಂಕಿಗೆ ಸುಮಾರು 2.3. ಅಷ್ಟು ಸಾಕು ಇಂಜಿನ್ ಸದ್ದು ಬದಲಾಗಲು. ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಬಾಡಿ ಸರಿಸಿದರೆ ಅಡ್ವಾನ್ಸ್. ಮೊದಲು ಫ್ಲ್ಯಾಂಜ್ ಮೇಲೆ ಗೀರು ಹಾಕಿಕೊಳ್ಳಿ.

ಉತ್ತರ 3
ಡಿಗ್ರಿ ಸರಿ ಬಂದ ಮೇಲೂ ಹೊಗೆ ಬಂದರೆ ಟೈಮಿಂಗ್ ಬಿಟ್ಟು ಏರ್ ಫಿಲ್ಟರ್ ನೋಡಿ, ನಾಜಲ್ ನಾಲ್ಕನ್ನೂ ಟೆಸ್ಟರ್‌ಗೆ ಹಾಕಿಸಿ. ಮಂಜಿನಂತೆ ಸಿಂಪಡಿಸಬೇಕು, ತುದಿ ತೊಟ್ಟಿಕ್ಕಬಾರದು. ಪಂಪ್‌ನ ಫುಲ್ ಲೋಡ್ ಸ್ಕ್ರೂ (ಗರಿಷ್ಠ ಡೀಸೆಲ್‌ಗೆ ಮಿತಿ ಹಾಕುವುದು) ಸೀಲ್ ಒಡೆದು ಡೀಸೆಲ್ ಹೆಚ್ಚಿಸಿದ್ದರೆ ಕ್ಯಾಲಿಬ್ರೇಷನ್ ಬೆಂಚ್‌ನಲ್ಲೇ (ಪಂಪ್ ಬಿಚ್ಚಿ ಅಳೆಯುವ ಯಂತ್ರ) ಇಳಿಸಬೇಕು, ಗಾಡಿ ಮೇಲೆ ಆಗದು.